ರಾತ್ರಿ ಲಂಗರು ಹಾಕಿ ನಿಲ್ಲೋ ಸಣ್ಣ ದೋಣಿಗೆ ಯಾವ ದೀಪ?

ಕೇಳಿದವರು: ಕೆಆರ್‌ಎಸ್ ಹಿನ್ನೀರಿನಲ್ಲಿ ನಮ್ಮದೊಂದು 14 ಅಡಿ ಫೈಬರ್ ದೋಣಿ ಇದೆ. ಸಂಜೆ ಬಲೆ ಬಿಟ್ಟು, ಲಂಗರು ಹಾಕಿ, ಬೆಳಗಿನ ಜಾವ ಬಲೆ ಎಳೆಯೋವರೆಗೂ ದೋಣಿಯಲ್ಲೇ ಮಲಗ್ತೀವಿ. ಈಚೆಗೆ ಮೋಟಾರು ದೋಣಿಗಳು ಕತ್ತಲಲ್ಲೂ ಓಡಾಡ್ತಾವೆ, ಭಯ ಆಗುತ್ತೆ. ತೋಟಕ್ಕೆ ನೆಡೋ ಸೋಲಾರ್ ದೀಪ ಸಾಕಾ, 12 ವೋಲ್ಟಿನದೇ ಬೇಕಾ? ಬಳಸಿರೋರು ಹೇಳಿ.

ಮೈಸೂರಿನಿಂದ, ಹಿಂದೆ ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡಿದವರು: ಹಿನ್ನೀರಿಗೆ ಸಮುದ್ರದ ಕಾನೂನು ತಂದು ಹೇರೋದು ಬೇಡ, ಆದರೆ ಅದರ ಹಿಂದಿರೋ ಲೆಕ್ಕ ಎಲ್ಲಿಗಾದರೂ ಸರಿ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸೋಕೆ ಇರೋ 1972ರ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಲಂಗರು ಹಾಕಿದ ಸಣ್ಣ ದೋಣಿಗೆ ಸುತ್ತಲೂ 360 ಡಿಗ್ರಿ ಕಾಣೋ ಒಂದೇ ಒಂದು ಬಿಳಿ ದೀಪ ಸಾಕು. ಅದು 2 ನಾಟಿಕಲ್ ಮೈಲಿ, ಅಂದರೆ ಸುಮಾರು 3.7 ಕಿ.ಮೀ. ದೂರಕ್ಕೆ ಕಾಣಬೇಕು. ಅದಕ್ಕೆ ಬೇಕಾದ ಬೆಳಕು ಬರೀ 4.3 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ). 7 ಮೀಟರಿಗಿಂತ ಚಿಕ್ಕ ದೋಣಿ ಬೇರೆಯವರು ಓಡಾಡೋ ದಾರಿಯಿಂದ ದೂರ ನಿಂತಿದ್ದರೆ ಇದೂ ಕಡ್ಡಾಯ ಅಲ್ಲ. ನೀವು ನಿಲ್ಲೋದು ದಾರಿಯಲ್ಲೇ ತಾನೆ? ಹಾಕ್ಕೊಳ್ಳಿ. ಕೊಳ್ಳುವಾಗ ಪೊಟ್ಟಣದ ಮೇಲೆ ‘ಆಲ್ ರೌಂಡ್ ವೈಟ್, 2 ಎನ್‌ಎಂ’ ಅಂತ ಇದೆಯಾ ನೋಡಿ. ವ್ಯಾಟ್ ಎಷ್ಟು ಅಂತ ಕೇಳಬೇಡಿ, ಸುತ್ತ ಕಾಣುತ್ತಾ ಅಂತ ಕೇಳಿ. ತೋಟದ ಸೋಲಾರ್ ದೀಪದ ಬೆಳಕೆಲ್ಲ ನೆಲಕ್ಕೇ ಬೀಳುತ್ತೆ. ಮಧ್ಯರಾತ್ರಿ ದಾಟಿದ ಮೇಲೆ, ಅದರಲ್ಲೂ ಮೋಡದ ದಿನ, ಉರಿಯುತ್ತೆ ಅನ್ನೋ ನಂಬಿಕೆ ಇಟ್ಕೋಬೇಡಿ.

ಪಾಂಡವಪುರ ಕಡೆಯಿಂದ: ಅಣ್ಣ, ದೀಪ ಯಾವುದಾರ ಆಗ್ಲಿ, ಮೊದ್ಲು ಎಲ್ಲಿ ಕಟ್ತೀಯ ಅನ್ನೋದ ನೋಡ್ಕೊ. ದೋಣಿ ಅಂಚಿಗೆ ಕಟ್ಟಿದ್ರೆ ನೀನು ಎದ್ದು ಕೂತಾಗ ನಿನ್ನ ಮೈಯೇ ಒಂದು ಕಡೆ ಮರೆ ಮಾಡ್ತದೆ. ಆ ಕಡೆಯಿಂದ ಬರೋನ್ಗೆ ಏನೂ ಕಾಣಕ್ಕಿಲ್ಲ. ನಾವು ಕೂತೋರ ತಲೆಗಿಂತ ಮೇಲಕ್ಕೆ ಬರೋ ಹಂಗೆ ಪೈಪು ನಿಲ್ಲಿಸ್ಕೊಂಡಿದ್ದೀವಿ. ಬಿದಿರು ಗಳನೂ ಆಯ್ತದೆ. ಆದ್ರೆ ಖಾಯಂ ಬಿಗಿಬ್ಯಾಡ, ಬಲೆ ಎಳೆಯುವಾಗ ಅದಕ್ಕೇ ಸಿಕ್ಕಾಕ್ಕೊಂಡು ಪ್ರಾಣ ತಿಂತದೆ. ದೋಣಿಗೆ ಒಂದು ದಪ್ಪ ಪೈಪಿನ ತುಂಡು ಕೂರ್ಸು, ದೀಪದ ಕಂಬ ಅದರೊಳಕ್ಕೆ ಇಳಿಬಿಡು, ಬೇಡ ಅಂದಾಗ ಕಿತ್ತಿಡು. ಇನ್ನೊಂದು, ಬಾಳ ಎತ್ತರಾನೂ ಬ್ಯಾಡ. ಹತ್ರ ಬಂದೋನು ನೀರಿನ ಮಟ್ಟ ನೋಡ್ಕೊಂಡು ಬರ್ತಾನೆ, ಆಕಾಶ ನೋಡ್ಕೊಂಡಲ್ಲ. ಆಚೆ ದಡದ ಊರಿನ ಬೀದಿ ದೀಪದ ಜೊತೆ ನಿನ್ನ ದೀಪಾನೂ ಒಂದು ಅಂದ್ಕೊಂಡು ನುಗ್ಗಿಬಿಡ್ತಾನೆ. ಅದಕ್ಕೇ ದೋಣಿ ಮೈಗೆ ಬೆಳಕಿಗೆ ಹೊಳೆಯೋ ರೇಡಿಯಂ ಪಟ್ಟಿನೂ ಸುತ್ತ ಅಂಟಿಸು. ಕಾಸು ಕಮ್ಮಿ, ಕೆಲ್ಸ ಜಾಸ್ತಿ.

ಮಂಡ್ಯದಿಂದ, ವೈರಿಂಗ್ ಕೆಲಸದವರು: ಬ್ಯಾಟರಿ ವಿಷಯ ನಾನು ಹೇಳ್ತೀನಿ. ಹಳೇ ಕಾಲದ 10 ವ್ಯಾಟ್ ಬುರುಡೆ ಬಲ್ಬು 12 ವೋಲ್ಟಿನಲ್ಲಿ 0.83 ಆಂಪಿಯರ್ ಎಳೆಯುತ್ತೆ. 12 ಗಂಟೆ ಉರಿಸಿದರೆ 10 ಆಂಪಿಯರ್-ಅವರ್. 2 ವ್ಯಾಟಿನ ಎಲ್‌ಇಡಿ ಅದೇ 12 ಗಂಟೆಗೆ ಬರೀ 2 ಆಂಪಿಯರ್-ಅವರ್. ಯುಪಿಎಸ್‌ಗೆ ಹಾಕೋ 7 ಆಂಪಿಯರ್-ಅವರ್ (ಎಎಚ್) ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸದೆ ಇದ್ದರೆ ಅದು ಬಾಳಿಕೆ ಬರುತ್ತೆ, ಹಾಗಾಗಿ ಎಲ್‌ಇಡಿಗೆ ಒಂದು ರಾತ್ರಿ ನಿಶ್ಚಿಂತೆ. ಎರಡನೇ ರಾತ್ರಿಗೆ ಚಾರ್ಜ್ ಮಾಡಲೇಬೇಕು. ಬೈಕಿನ ಬ್ಯಾಟರಿ ತರಬೇಡಿ. ಅದು ಸ್ಟಾರ್ಟ್ ಮಾಡೋದಕ್ಕೆ ಅಂತ ಇರೋದು, ರಾತ್ರಿಯೆಲ್ಲ ಬರಿದು ಮಾಡಿದರೆ ಬೇಗ ಸಾಯುತ್ತೆ. ಪ್ಲಸ್ ವೈರಿಗೆ ಬ್ಯಾಟರಿ ಹತ್ತಿರವೇ ಒಂದು ಫ್ಯೂಸ್ ಇರಲಿ. ಬ್ಯಾಟರಿ ಮುಚ್ಚಳದ ಡಬ್ಬದಲ್ಲಿ, ದೋಣಿಯ ತಳದ ನೀರು ತಾಗದ ಎತ್ತರದಲ್ಲಿ ಇರಲಿ. ದೀಪ ಐಪಿ 67, ಅಂದರೆ ನೀರು, ಧೂಳು ಒಳಹೋಗದ ದರ್ಜೆಯದು ಆದರೆ ಮಳೆಯ ಚಿಂತೆ ಇಲ್ಲ. ಜೋಡಣೆಗೆ ಬರೀ ಇನ್ಸುಲೇಷನ್ ಟೇಪು ಸುತ್ತಿ ಬಿಟ್ಟರೆ ಒಂದು ಮಳೆಗಾಲವೂ ತಡೆಯಲ್ಲ, ಬಿಸಿ ಮಾಡಿದರೆ ಕುಗ್ಗೋ ಸ್ಲೀವ್ ಹಾಕಿ.

ಎಚ್.ಡಿ. ಕೋಟೆಯಿಂದ: ಕಬಿನಿ ಹಿನ್ನೀರಿನ ಕಡೆಯವನು ನಾನು. ಯಾರೂ ಹುಳದ ಮಾತೇ ಎತ್ತಲಿಲ್ಲವಲ್ಲ! ಮೊದಲ ಮಳೆ ಬಿದ್ದಮೇಲೆ ಬಿಳಿ ದೀಪಕ್ಕೆ ಈಸಲು ಮುತ್ತಿಕೊಂಡರೆ ಅನ್ನದ ಡಬ್ಬಿ ತೆಗೆಯೋ ಹಾಗಿಲ್ಲ. ದೀಪ ಕೂತೋ ಜಾಗದಿಂದ ದೂರ, ಮೂತಿ ಕಡೆ ಇದ್ದರೆ ಸ್ವಲ್ಪ ವಾಸಿ. ಕಣ್ಣಿಗೂ ಒಳ್ಳೇದು, ಬೆಳಕು ನೇರ ಕಣ್ಣಿಗೆ ಬಿದ್ದರೆ ನೀರಿನ ಮೇಲೆ ಏನಿದೆ ಅಂತ ನಮಗೇ ಕಾಣಲ್ಲ.

ಕೇಳಿದವರು: ಎಲ್ಲರಿಗೂ ನಮಸ್ಕಾರ. ಪೈಪಿನ ಉಪಾಯ ಹಿಡಿಸ್ತು. ಸೈಕಲ್ಲಿಗೆ ಹಾಕೋ ಮಿಣುಕು ಕೆಂಪು ದೀಪ ಮನೆಯಲ್ಲೇ ಇದೆ, ಅದನ್ನೂ ಜೊತೆಗೆ ಹಾಕಲಾ?

ಮೈಸೂರಿನವರು: ಬೇಡ ಸ್ವಾಮಿ. ಕೆಂಪು, ಹಸಿರು ಓಡೋ ದೋಣಿಯ ಎಡಬಲದ ಗುರುತು. ನಿಂತಿರೋ ದೋಣಿ ಓಡ್ತಿದೆ ಅಂತ ಎದುರಿನವನು ತಪ್ಪು ಲೆಕ್ಕ ಹಾಕ್ತಾನೆ. ನಿಶ್ಚಲವಾಗಿ ಉರಿಯೋ ಬಿಳಿ ಒಂದೇ ಇರಲಿ. ನಿಮ್ಮ ಮೋಟಾರು 7 ನಾಟ್, ಅಂದರೆ ಗಂಟೆಗೆ 13 ಕಿ.ಮೀ. ಆಸುಪಾಸು ಮೀರದಿದ್ದರೆ ಹೊರಟಾಗಲೂ ಅದೇ ದೀಪ ನಡೆಯುತ್ತೆ. ಜೊತೆಗೊಂದು ಒಳ್ಳೆ ಟಾರ್ಚು ದಿಂಬಿನ ಪಕ್ಕ ಇಟ್ಕೊಳ್ಳಿ. ಯಾರಾದರೂ ನೇರ ನಿಮ್ಮ ಕಡೆಗೇ ಬರ್ತಿದ್ದರೆ ಅವರ ಮುಖಕ್ಕೆ ಬಿಡಬೇಡಿ, ನಿಮ್ಮ ದೋಣಿಯ ಮೈ ಮೇಲೆ ಬಿಡಿ. ಬಲೆ ಯಾವ ದಿಕ್ಕಿಗಿದೆ ಅಂತಲೂ ಅದರಲ್ಲೇ ತೋರಿಸಬಹುದು.