ಓಡಿಸುವ ಮುನ್ನ ಎಂಜಿನ್ ಎಷ್ಟು ಬಿಸಿಯಾಗಿರಬೇಕು? ನೀರಿನ ಮುಳ್ಳನ್ನು ನಂಬಬಹುದೇ?

ಇಸಾರ್ ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಮ್ಯೂನಿಕ್ ವಾಸಿ. ಕಳೆದ ವರ್ಷದ ಕೊನೆಗೆ 2004ರ ಬಿಎಂಡಬ್ಲ್ಯು ಎಂ3 (ಇ46) ಕಾರೊಂದನ್ನು ಹಿಂದಿನ ಮಾಲೀಕರಿಂದ ಕೊಂಡೆ. ಅದರಲ್ಲಿರುವುದು ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳುಳ್ಳ, 3.2 ಲೀಟರಿನ, 8,000 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗುವ ಎಂಜಿನ್. ಏಪ್ರಿಲ್‌ನಲ್ಲಿ ನ್ಯೂರ್ಬುರ್ಗ್‌ರಿಂಗ್ ರೇಸ್ ಪಥಕ್ಕೆ ಹೋಗಿ, ಅದರ ನಾರ್ಡ್‌ಶ್ಲೈಫೆ ಎಂಬ ಉದ್ದನೆಯ ಸುತ್ತುಪಥ ಸಾರ್ವಜನಿಕರಿಗೆ ತೆರೆದಿರುವ ದಿನ ನಾಲ್ಕೈದು ಸುತ್ತು ಓಡಿಸಬೇಕೆಂಬ ಆಸೆಯಿದೆ.

ತೊಡಕು ಏನೆಂದರೆ, ನಾವು ತಂಗುವುದು ಅಡೆನಾವ್‌ನಲ್ಲಿ, ಅಲ್ಲಿಂದ ಪ್ರವೇಶದ್ವಾರಕ್ಕೆ ಹತ್ತು ಹನ್ನೆರಡು ನಿಮಿಷದ ದಾರಿ ಮಾತ್ರ, ಮತ್ತು ಐಫೆಲ್ ಗುಡ್ಡಗಳ ಆ ಕಾಲದ ಬೆಳಗು ಚೆನ್ನಾಗಿಯೇ ಕೊರೆಯುತ್ತದೆ. ನಿನ್ನೆ ಬೆಳಿಗ್ಗೆ ಇಲ್ಲಿಯೇ ಅಷ್ಟು ಹೊತ್ತು ಓಡಿಸಿ ನೋಡಿದೆ. ನೀರಿನ ಮುಳ್ಳು (ಎಂಜಿನನ್ನು ತಂಪಿಡುವ ನೀರಿನ ಬಿಸಿ ತೋರಿಸುವುದು) ಆರೇ ನಿಮಿಷದಲ್ಲಿ ನಡುವಿಗೆ ಬಂದು ನಿಂತಿತು. ಆರ್‌ಪಿಎಂ ಮೀಟರಿನ ಕೆಳಭಾಗದಲ್ಲಿರುವ ಆಯಿಲ್ ಮುಳ್ಳು ಆಗಿನ್ನೂ ಕದಲಿರಲೇ ಇಲ್ಲ. ಮೀಟರಿನ ಅಂಚಿನಲ್ಲಿ, ಆಯಿಲ್ ಬಿಸಿಯಾದಂತೆ ಒಂದೊಂದಾಗಿ ಆರಬೇಕಾದ ಹಳದಿ ದೀಪಗಳ ಪೈಕಿ ಹನ್ನೆರಡನೇ ನಿಮಿಷದಲ್ಲೂ ಅರ್ಧದಷ್ಟು ಉರಿಯುತ್ತಿದ್ದವು.

ನೀರಿನ ಮುಳ್ಳು ನಡುವಿಗೆ ಬಂದರೆ ಸಾಕು ಎಂದು ಹಿಂದಿನ ಮಾಲೀಕರು ಹೇಳಿದ್ದರು. ಊರಿನಲ್ಲಿರುವ ನಮ್ಮ ತಂದೆಯವರು, ಮನೆಯ ಮುಂದೆಯೇ ಹದಿನೈದು ನಿಮಿಷ ಎಂಜಿನ್ ಚಾಲೂ ಇಟ್ಟು ಆಮೇಲೆ ಹೊರಡು ಎನ್ನುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಒಂಟಿಕೊಪ್ಪಲು:

ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ನಾನು ಟೂ ಸ್ಟ್ರೋಕ್ ಬೈಕುಗಳ ಕಾಲದವನು. ಒಮ್ಮೆ ಡಿಸೆಂಬರ್ ಬೆಳಗಿನಲ್ಲಿ ಕಿಕ್ ಹೊಡೆದ ಎರಡೇ ನಿಮಿಷಕ್ಕೆ ಲಲಿತಮಹಲ್ ರಸ್ತೆಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದ್ದೆ. ಪಿಸ್ಟನ್ ಹಿಡಿದುಕೊಂಡಿತು, ಹಿಂದಿನ ಚಕ್ರ ಕಚ್ಚಿಕೊಂಡಿತು, ನಾನು ರಸ್ತೆಯ ಬದಿಯ ಮಣ್ಣಿನಲ್ಲಿದ್ದೆ. ಸಿಲಿಂಡರ್ ಬಿಚ್ಚಿದಾಗ ಪಿಸ್ಟನ್‌ನ ಎರಡೂ ಮಗ್ಗುಲಲ್ಲಿ ಉಗುರಿನಿಂದ ಕೆರೆದಂತಹ ಉದ್ದುದ್ದ ಗೀರುಗಳು ಬಿದ್ದಿದ್ದವು. ಅಂದಿನಿಂದ ಯಾವ ಗಾಡಿಯನ್ನೂ ಐದು ನಿಮಿಷ ನಿಲ್ಲಿಸಿ ಬಿಸಿ ಮಾಡದೆ ಹೊರಡಿಸಿದವನಲ್ಲ.

ಪೀಣ್ಯ ಪಾನಾ:

ಒಂಟಿಕೊಪ್ಪಲಿನ ಹಿರಿಯರಿಗೆ ನಮಸ್ಕಾರ. ತಮ್ಮ ಬೈಕಿಗೆ ಆದದ್ದರ ಕಾರಣ ಈ ಕಾರಿಗೂ ಅನ್ವಯಿಸುತ್ತದೆ. ಮದ್ದು ಮಾತ್ರ ಬೇರೆ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಬೀಡು ಕಬ್ಬಿಣದ ಹೆಚ್ಚುಕಡಿಮೆ ಇಮ್ಮಡಿ. ಈ ಎಂಜಿನಿನಲ್ಲಿ ಪಿಸ್ಟನ್ ಅಲ್ಯೂಮಿನಿಯಂನದು, ಬ್ಲಾಕ್ ಬೀಡು ಕಬ್ಬಿಣದ್ದು. ಬೆಂಕಿ ಮೊದಲು ತಾಗುವುದು ಪಿಸ್ಟನ್‌ಗೆ, ಆದ್ದರಿಂದ ಸುತ್ತಲಿನ ಸಿಲಿಂಡರ್ ಇನ್ನೂ ತಣ್ಣಗಿರುವಾಗ ಒಮ್ಮೆಲೇ ಹೊರೆ ಹಾಕಿದರೆ ನಡುವಿನ ಸಂದು ಕಿರಿದಾಗುತ್ತದೆ. ಇದರ ಹೊಡೆತ, ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಸಾಗುವ ದೂರ, 91 ಮಿಲಿಮೀಟರ್. 8,000 ಆರ್‌ಪಿಎಂನಲ್ಲಿ ಪಿಸ್ಟನ್‌ನ ಸರಾಸರಿ ವೇಗ ಲೆಕ್ಕ ಹಾಕಿದರೆ ಸೆಕೆಂಡಿಗೆ 24 ಮೀಟರ್ ಮೀರುತ್ತದೆ. ಆ ವೇಗದಲ್ಲಿ ಸಿಲಿಂಡರ್ ಗೋಡೆಗೂ ಪಿಸ್ಟನ್‌ನ ರಿಂಗಿಗೂ ನಡುವೆ ಇರುವುದು ತೆಳುವಾದ ಆಯಿಲ್ ಪೊರೆ ಮಾತ್ರ.

ಆದರೆ ಎಂಜಿನನ್ನು ನಿಂತಲ್ಲೇ ಐಡಲ್‌ನಲ್ಲಿ ಓಡಿಸಿ ಬಿಸಿ ಮಾಡುವುದು ಒಳ್ಳೆಯ ದಾರಿಯಲ್ಲ. ಹೊರೆಯಿಲ್ಲದ ಎಂಜಿನ್ ಸುಡುವ ಪೆಟ್ರೋಲ್ ಕಡಿಮೆ, ಹುಟ್ಟುವ ಶಾಖವೂ ಕಡಿಮೆ, ಹೀಗಾಗಿ ತಣ್ಣಗಿರುವ ಅವಧಿಯೇ ಲಂಬಿಸುತ್ತದೆ. ಆ ಅವಧಿಯಲ್ಲಿ ಎಂಜಿನ್‌ಗೆ ವಾಡಿಕೆಗಿಂತ ಹೆಚ್ಚು ಪೆಟ್ರೋಲ್ ಹೋಗುತ್ತಿರುತ್ತದೆ, ಅದರಲ್ಲಿ ಸುಡದೆ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿನ ಸಂಪಿಗೆ (ಆಯಿಲ್ ತೊಟ್ಟಿಗೆ) ಇಳಿದು ಆಯಿಲನ್ನೇ ತೆಳುವಾಗಿಸುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ ಚೋಕ್ ಎಳೆದು ಕಾಯದಿದ್ದರೆ ಗಾಡಿ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು, ಕಾಯುವುದು ಆಗ ಅನಿವಾರ್ಯವಾಗಿತ್ತು. ಇಂಜೆಕ್ಷನ್ ಇರುವ ಕಾರಿಗೆ ಅರ್ಧ ನಿಮಿಷ ಸಾಕು. ಬೆಲ್ಟ್ ಹಾಕಿಕೊಳ್ಳಿ, ಕನ್ನಡಿ ಸರಿಮಾಡಿಕೊಳ್ಳಿ, ಹೊರಡಿ.

ಇನ್ನು ನೀರಿನ ಮುಳ್ಳಿನ ವಿಚಾರ. ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದುಕೊಳ್ಳುವ ವಾಲ್ವ್) ತೆರೆಯುವವರೆಗೆ ನೀರು ರೇಡಿಯೇಟರಿನ ಕಡೆಗೆ ಹೋಗದೆ ಬ್ಲಾಕ್ ಮತ್ತು ಹೆಡ್ಡಿನ ಸುತ್ತಲೇ ಸುತ್ತುವುದರಿಂದ ಬೇಗ ಕಾಯುತ್ತದೆ. ಆಯಿಲ್ ಕೂಡಿಕೊಳ್ಳುವ ಸಂಪು ಕಾರಿನ ತಳದಲ್ಲಿ, ಬೀಸುವ ತಣ್ಣನೆಯ ಗಾಳಿಗೆ ಒಡ್ಡಿಕೊಂಡಿರುತ್ತದೆ. ಅದೂ ಅಲ್ಲದೆ, ಚಾಲಕ ಗಾಬರಿಯಾಗದಿರಲೆಂದು ನೀರಿನ ಮುಳ್ಳನ್ನು ಸಾಕಷ್ಟು ಅಗಲವಾದ ತಾಪಮಾನದ ವ್ಯಾಪ್ತಿಗೆ ನಡುವಿನಲ್ಲೇ ನಿಲ್ಲುವಂತೆ ಹೊಂದಿಸಿರುತ್ತಾರೆ. ಅದು ನಿಮ್ಮ ಸಮಾಧಾನಕ್ಕೆ ಇರುವ ಮುಳ್ಳು, ಅಳತೆಗೆ ಇರುವುದಲ್ಲ.

ಈ ಎಂಜಿನ್‌ಗೆ ಹೇಳಿರುವ ಆಯಿಲ್ 10ಡಬ್ಲ್ಯು-60. 40 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ 100 ಡಿಗ್ರಿಯಲ್ಲಿರುವುದರ ಸುಮಾರು ಏಳು ಪಟ್ಟು. ಸೊನ್ನೆಯ ಹತ್ತಿರ ಹೇಗಿರುತ್ತದೆಂದು ತಿಳಿಯಲು ಮಲೆನಾಡಿನ ಮನೆಯ ಜೋನಿಬೆಲ್ಲದ ಡಬ್ಬವನ್ನು ಚಳಿಯ ಬೆಳಿಗ್ಗೆ ಬಗ್ಗಿಸಿ ನೋಡಿ. ಆಯಿಲ್ ಒತ್ತಡದ ಮೀಟರ್ ಹಾಕಿಸಿಕೊಂಡವರು ತಣ್ಣನೆಯ ಎಂಜಿನಿನಲ್ಲಿ ಒತ್ತಡ ಹೆಚ್ಚಿರುವುದನ್ನು ಕಂಡು ಬೀಗುವುದುಂಟು. ಒತ್ತಡ ಮಿತಿ ಮೀರಿದ ಕೂಡಲೇ ವಾಲ್ವ್ ತೆರೆದುಕೊಂಡು ಆಯಿಲಿನ ಒಂದು ಪಾಲನ್ನು ಬೇರಿಂಗಿನವರೆಗೆ ಹೋಗಗೊಡದೆ ಹಿಂದಕ್ಕೆ ಕಳಿಸುತ್ತದೆ ಎಂಬುದು ಅವರಿಗೆ ಮೀಟರಿನಲ್ಲಿ ಕಾಣುವುದಿಲ್ಲ.

ನಾನು ಅನುಸರಿಸುವ ಕ್ರಮ ಇದು. ಆಯಿಲ್ ಮುಳ್ಳು ಕದಲುವವರೆಗೆ 3,000 ಆರ್‌ಪಿಎಂ ಒಳಗೆ, ಪೆಡಲ್ ಅರ್ಧಕ್ಕಿಂತ ಕಡಿಮೆ. ಹಾಗೆಂದು ನಾಲ್ಕನೇ ಗೇರಿನಲ್ಲಿ 1,200ಕ್ಕೆ ಇಳಿಸಿ ಗಾಡಿ ಗುದ್ದಾಡುವಂತೆ ಮಾಡುವುದೂ ಬೇಡ, ತಣ್ಣನೆಯ ಬೇರಿಂಗಿಗೆ ಅದು ಇನ್ನೂ ಕೆಟ್ಟದ್ದು. 60 ಡಿಗ್ರಿ ದಾಟಿದ ಮೇಲೆ 4,500ರವರೆಗೆ. 80 ದಾಟಿ, ಕೊನೆಯ ದೀಪವೂ ಆರಿದ ಮೇಲೆ ಎಂಜಿನ್ ನಿಮ್ಮದು.

ರೈನ್ ತೀರ:

ಪಾನಾ ಅವರು ಎಂಜಿನಿನ ಮಟ್ಟಿಗೆ ಎಲ್ಲವನ್ನೂ ಹೇಳಿದ್ದಾರೆ. ನಾನು ಕೊಲೋನ್‌ನವನು, ನ್ಯೂರ್ಬುರ್ಗ್‌ರಿಂಗ್‌ಗೆ ಆಗಾಗ ಹೋಗುತ್ತಿರುತ್ತೇನೆ, ಆದ್ದರಿಂದ ಜಾಗದ ಬಗ್ಗೆ ಒಂದೆರಡು ಮಾತು.

ಮನೆಯ ಮುಂದೆ ಹದಿನೈದು ನಿಮಿಷ ಚಾಲೂ ಇಡುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಎಂಜಿನನ್ನು ವಿನಾಕಾರಣ ಓಡಿಸುವುದನ್ನು ಜರ್ಮನಿಯ ರಸ್ತೆ ಸಂಚಾರ ನಿಯಮಾವಳಿಯ 30ನೇ ಕಲಮು ನಿಷೇಧಿಸುತ್ತದೆ, ನೆರೆಯವರು ಅದನ್ನು ನಿಮಗೆ ನೆನಪಿಸಲು ತಡಮಾಡುವುದಿಲ್ಲ. ಅಡೆನಾವ್ ತಗ್ಗಿನಲ್ಲಿದೆ, ಊರು ಬಿಟ್ಟ ಕೂಡಲೇ ಏರು ಶುರು. ಹಾಗಾಗಿ ಮೊದಲು ತಗ್ಗಿನ ಹಳ್ಳಿಗಳ ಕಡೆಗೆ ಹತ್ತು ಕಿಲೋಮೀಟರ್ ಸುತ್ತಿ ಬಂದು ಆಮೇಲೆ ಗುಡ್ಡ ಹತ್ತಿ.

ನಿಂತಲ್ಲೇ ಬಿಸಿ ಮಾಡುವವರು ಮರೆಯುವುದು ಗೇರ್‌ಬಾಕ್ಸ್ ಮತ್ತು ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಅನ್ನು. ಚಕ್ರ ಉರುಳದೆ ಅವುಗಳ ಆಯಿಲ್ ಕಾಯುವುದಿಲ್ಲ, ಟಯರಿನ ಹಿಡಿತವಂತೂ ಬರುವುದೇ ಇಲ್ಲ. ಚಳಿಯ ಬೆಳಿಗ್ಗೆ ನನ್ನ ಕಾರಿನ ಎರಡನೇ ಗೇರ್ ಅಂಗೈಗೆ ಎದುರು ಒತ್ತುತ್ತದೆ. ಅದು ತಕರಾರಿಲ್ಲದೆ ಬೀಳತೊಡಗಿದಾಗ ಗೇರ್‌ಬಾಕ್ಸಿನಿಂದ ಹಿಂದಿನದೆಲ್ಲ ಕಾದಿದೆ ಎಂದು ನನ್ನ ಲೆಕ್ಕ.

ಪ್ರವೇಶದ್ವಾರ ದಾಟಿದೊಡನೆ ಸಿಗುವುದು ಡ್ಯೊಟಿಂಗರ್ ಹ್ಯೊಹೆಯ ನೇರ ರಸ್ತೆ, ಬಲಗಾಲು ತುರಿಸುವ ಜಾಗ. ಮೊದಲ ಸುತ್ತಿನಲ್ಲಿ ಅಲ್ಲಿ ತಡೆದುಕೊಳ್ಳಿ. ಎಂಜಿನಿನ ನಿಜವಾದ ಪರೀಕ್ಷೆ ಆಮೇಲೆ ಇದೆ. ಪಥದ ಅತಿ ತಗ್ಗಿನ ಜಾಗವಾದ ಬ್ರೈಡ್‌ಶೈಡ್‌ನಿಂದ ಹೋಹೆ ಆಖ್ಟ್‌ವರೆಗೆ ಸುಮಾರು 300 ಮೀಟರ್ ಮೇಲೇರಬೇಕು. ಅಲ್ಲಿ ಪೆಡಲ್ ಬಹುಹೊತ್ತು ತಳ ಮುಟ್ಟಿರುತ್ತದೆ. ಸುತ್ತು ಮುಗಿಸಿ ಹೊರಬಂದ ತಕ್ಷಣ ಪಾರ್ಕಿಂಗ್‌ನಲ್ಲಿ ಕೀಲಿ ತಿರುಗಿಸಬೇಡಿ, ಬಿ258 ಹೆದ್ದಾರಿಯಲ್ಲಿ ನಿಧಾನವಾಗಿ ಐದಾರು ಕಿಲೋಮೀಟರ್ ಹೋಗಿ ಬನ್ನಿ. ನಿಮ್ಮದರಲ್ಲಿ ಟರ್ಬೊ ಇಲ್ಲ, ಇದ್ದಿದ್ದರೆ ಈ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಹಾಗೆ ಮಾಡಿದರೆ ಬ್ರೇಕುಗಳೂ ಆರುತ್ತವೆ.

ಒಂಟಿಕೊಪ್ಪಲು:

ಪೆಟ್ರೋಲ್ ಆಯಿಲಿಗೆ ಇಳಿಯುವ ಸಂಗತಿ ನನಗೆ ಹೊಳೆದಿರಲಿಲ್ಲ. ನಮ್ಮ ಬೈಕಿನಲ್ಲಿ ಆಯಿಲನ್ನು ನಾವೇ ಪೆಟ್ರೋಲಿಗೆ ಬೆರೆಸುತ್ತಿದ್ದೆವಲ್ಲ! ಆದರೂ ಮಗನ ಕಾರಿಗೆ ಒಂದು ನಿಮಿಷ ಕೊಡುತ್ತೇನೆ, ಅರ್ಧ ನಿಮಿಷಕ್ಕೆ ಮನಸ್ಸು ಒಪ್ಪುತ್ತಿಲ್ಲ.

ಇಸಾರ್ ದಂಡೆ:

ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಹೇಳಿದಂತೆಯೇ ಮಾಡಿದೆ. ಹೊರಗೆ 3 ಡಿಗ್ರಿ ಇತ್ತು, ಅರ್ಧ ನಿಮಿಷದಲ್ಲಿ ಹೊರಟೆ, 3,000 ದಾಟಲಿಲ್ಲ. ನೀರಿನ ಮುಳ್ಳು ನಡುವಿಗೆ ಬಂದದ್ದು ಐದನೇ ನಿಮಿಷದಲ್ಲಿ. ಕೊನೆಯ ಹಳದಿ ದೀಪ ಆರಿದ್ದು ಇಪ್ಪತ್ತೊಂದನೇ ನಿಮಿಷದಲ್ಲಿ, ಹದಿನೇಳು ಕಿಲೋಮೀಟರ್ ಆದ ಮೇಲೆ. ಎರಡನೇ ಗೇರ್ ಅದಕ್ಕೂ ಸ್ವಲ್ಪ ಮೊದಲೇ ಸಡಿಲಾಗಿತ್ತು. ಅಡೆನಾವ್‌ನಿಂದ ಅರ್ಧ ಗಂಟೆ ಮುಂಚೆ ಹೊರಡುವುದೆಂದು ಗೊತ್ತುಮಾಡಿದ್ದೇನೆ. ತಂದೆಯವರಿಗೆ ಪಾನಾ ಅವರ ಉತ್ತರವನ್ನು ಓದಿ ಹೇಳಿದೆ. ಜೋನಿಬೆಲ್ಲದವರೆಗೆ ಸುಮ್ಮನಿದ್ದು ಕೇಳಿ, "ಸರಿ, ಆಯಿಲ್ ಬದಲಿಸಿ ಎಷ್ಟು ದಿನವಾಯಿತು?" ಎಂದರು. ಕಾರು ಕೊಂಡ ಮೇಲೆ ಬದಲಿಸಿಲ್ಲ. ಹೋಗುವ ಮುನ್ನ ಅದೊಂದು ಕೆಲಸ ಬಾಕಿಯಿದೆ.