ಅಪ್‌ಡೇಟ್: ಆಗುಂಬೆ ಘಾಟಿ ಹತ್ತಿಬಿಟ್ಟೆ!

ಎತ್ತರ ಕಂಡರೆ ಅಂಗಾಲು ಬೆವರುವ ನಾನು ಆಗುಂಬೆ ಘಾಟಿಯಲ್ಲಿ ಕಾರು ಓಡಿಸಬಹುದಾ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ತೀರ್ಥಹಳ್ಳಿಯಿಂದ ಉಡುಪಿಗೆ ಹೋಗಿ ಬಂದೆ.

"ಮೊದಲು ಹತ್ತೋದು ಕಲಿಯಿರಿ, ಇಳಿಯೋದು ಆಮೇಲೆ" ಅಂದವರ ಮಾತು ಕೇಳಿ, ಹೋಗುವಾಗ ಘಾಟಿ ಇಳಿಯೋದಿದ್ದರಿಂದ ಸ್ಟೇರಿಂಗ್ ಯಜಮಾನರಿಗೆ ಕೊಟ್ಟೆ. ಅಲ್ಲೇ ಎಡವಿದ್ದು. ಎಡಗಡೆ ಸೀಟಿನಲ್ಲಿ ಕೂತರೆ ಕಣಿವೆ ಎಡಕ್ಕೆ ಬಂದಾಗೆಲ್ಲ ಕಿಟಕಿಯ ಕೆಳಗೆ ರಸ್ತೆಯೇ ಕಾಣಲ್ಲ, ಬರೀ ಮರದ ತುದಿ! ಘಾಟಿಯ ಬುಡದಲ್ಲಿರೋ ಸೋಮೇಶ್ವರ ಮುಟ್ಟುವವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದೆ.

ವಾಪಸ್ ಬರುವಾಗ ನಾನೇ ಓಡಿಸಿದೆ. ಡ್ರೈವರ್ ಸೀಟು ಬಲಕ್ಕಿರೋದರಿಂದ ರಸ್ತೆಯ ನಡುಭಾಗಕ್ಕೆ ಹತ್ತಿರ, ಅಂಚಿನಿಂದ ಸ್ವಲ್ಪ ದೂರ. ಇದನ್ನು ಯಾರೂ ಹೇಳಿರಲಿಲ್ಲ ನೋಡಿ. ಜೊತೆಗೆ ಒಂದೊಂದು ಹೇರ್‌ಪಿನ್ ತಿರುವು ದಾಟಿದಾಗಲೂ ಕಣಿವೆ ಮಗ್ಗುಲು ಬದಲಿಸುತ್ತೆ, ಹಾಗಾಗಿ ಹೆದರಿಕೆಗೂ ಆಗಾಗ ವಿರಾಮ. 14 ತಿರುವುಗಳನ್ನು ಬಾಯಿಬಿಟ್ಟು ಎಣಿಸಿದೆ. ಫಸ್ಟ್ ಗೇರ್, ಹಾರ್ನ್, ಕಣ್ಣು ರಸ್ತೆಯ ಮೇಲೆ, ಅಷ್ಟೇ. ಏಳನೆಯದರಲ್ಲಿ ಮೇಲಿಂದ ಮಿನಿ ಬಸ್ ಬಂತು, ಎದೆ ಝಲ್ಲೆಂದಿತು. ಹತ್ತುವವರಿಗೆ ಮೊದಲು ದಾರಿ ಬಿಡಬೇಕು ಅನ್ನೋ ನಿಯಮ ಆ ಡ್ರೈವರಣ್ಣನಿಗೆ ಗೊತ್ತಿತ್ತು, ಪುಣ್ಯಾತ್ಮ ನಿಂತ.

ಕೊನೆಯ ನಾಲ್ಕೈದು ತಿರುವಿಗೆ ಮಂಜು ಕವಿಯಿತು. ಯಜಮಾನರಿಗೆ ಗಾಬರಿ, ನನಗೆ ಪರಮಸುಖ. ಪ್ರಪಾತವೇ ಕಾಣಲಿಲ್ಲವಲ್ಲ!

ಸನ್‌ಸೆಟ್ ಪಾಯಿಂಟಿನಲ್ಲಿ ಮಾತ್ರ ಕಾರಿನಿಂದ ಇಳಿಯಲಿಲ್ಲ. ಅದು ಇನ್ನೊಂದು ಸಲಕ್ಕಿರಲಿ.