ಸಹಾಯ ಬೇಕು: ಬೆಳೆ ಸಮೀಕ್ಷೆಯಲ್ಲಿ ರಾಗಿ ಬದಲು ಹುರುಳಿ ಅಂತ ಬಂದಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಕಡೆ, ಒಂದೂವರೆ ಎಕರೆ ಖುಷ್ಕಿ. ಈ ಸಲ ಪೂರ್ತಿ ರಾಗಿಯೇ ಹಾಕಿದ್ದು. ಬೆಂಬಲ ಬೆಲೆಗೆ ಕೊಡೋಣ ಅಂತ ಖರೀದಿ ಕೇಂದ್ರಕ್ಕೆ ಹೋದರೆ, ಅಪ್ಪನ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಹಾಕಿ ನೋಡಿ, "ಈ ಸರ್ವೆ ನಂಬರಲ್ಲಿ ಹುರುಳಿ ಅಂತಿದೆ, ನೋಂದಣಿ ಆಗಲ್ಲ" ಅಂದರು. ಸಮೀಕ್ಷೆಗೆ ಬಂದವರು ಪಕ್ಕದ ಹೊಲದ ಫೋಟೋ ಹಾಕಿರಬೇಕು.

ತೂರಿ, ಒಣಗಿಸಿ, ಚೀಲ ಹೊಲಿದು ಇಪ್ಪತ್ತೆರಡು ಮೂಟೆ ಪಡಸಾಲೆಯಲ್ಲಿ ಜೋಡಿಸಿದ್ದೀವಿ. ಅಪ್ಪ ದಿನಾ ರಾತ್ರಿ ಎದ್ದು ಇಲಿ ಬಂತಾ ಅಂತ ಟಾರ್ಚ್ ಹಾಕಿ ನೋಡ್ತಾರೆ. 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ಇದೆ. ಮನೆ ಬಾಗಿಲಿಗೆ ಬರೋ ವ್ಯಾಪಾರಿ ಅದಕ್ಕಿಂತ ಸಾವಿರ ರೂಪಾಯಿಗೂ ಮಿಕ್ಕಿ ಕಡಿಮೆಗೆ ಕೇಳ್ತಿದ್ದಾರೆ. ಸರ್ಕಾರ ಕೊಂಡ ರಾಗಿ ನ್ಯಾಯಬೆಲೆ ಅಂಗಡಿಗೆ ಹೋಗಿ ಬಡವರ ಮನೆಯ ಮುದ್ದೆ ಆಗುತ್ತೆ, ಅಲ್ಲಿಗೇ ಕೊಡಬೇಕು ಅಂತ ಅಪ್ಪನ ಆಸೆ.

ಇದನ್ನ ತಿದ್ದಿಸೋಕೆ ಯಾರ ಹತ್ರ ಅರ್ಜಿ ಕೊಡಬೇಕು? ಗ್ರಾಮ ಆಡಳಿತಾಧಿಕಾರಿಗಾ, ರೈತ ಸಂಪರ್ಕ ಕೇಂದ್ರಕ್ಕಾ? ಕಟಾವು ಮುಗಿದಿದೆ, ಹೊಲದಲ್ಲಿ ಕೂಳೆ ಇನ್ನೂ ಹಾಗೇ ಇದೆ. ಅದನ್ನ ನೋಡಿ ಸ್ಥಳ ಮಹಜರು ಮಾಡ್ತಾರಾ? ಹೀಗೆ ಆಗಿ ಸರಿ ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ತಿಳಿಸಿ. ನೋಂದಣಿ ಮುಗಿಯೋದ್ರೊಳಗೆ ಆಗಬೇಕು.